ಊರು ಚೆಂದ ಕಾಣಲು ಅರಮನೆಯ ದುಡ್ಡೇ ಬೇಕೆ?

"ಮೈಸೂರು ಚೆಂದವಾಗಿದ್ದು ಮಹಾರಾಜರ ದುಡ್ಡಿನಿಂದ. ಈಗ ಅಂಥ ಊರು ಕಟ್ಟಲು ಯಾರಿಂದಲೂ ಆಗಲ್ಲ." ಹಳೆಯ ಫೋಟೊಗಳ ಜೊತೆ ಇಂಥ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತದೆ. ಇದು ಅರ್ಧ ನಿಜ. ಅರಮನೆಗೆ ಅರಸರ ಖಜಾನೆ ಬೇಕಾಯಿತು. ಆದರೆ ನಡೆದು ಹೋಗುವವರಿಗೆ ಹಿತವೆನಿಸುವ ಬೀದಿಗೆ ಬೇಕಿರುವುದು ಹೆಚ್ಚಾಗಿ ಸರಿಯಾದ ನಿಯಮ.

ಹಳೆಯ ಬೀದಿ ಏಕೆ ಹಿತ?

ಪ್ಲೇಗ್ ಹಾವಳಿಯ ನಂತರ, 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಗಾಳಿ, ಬೆಳಕು, ಚರಂಡಿಗೆ ಜಾಗ ಬಿಟ್ಟು ಹೊಸ ಬಡಾವಣೆ ರೂಪಿಸುವುದು ಅದರ ಕೆಲಸ. ಅಂದರೆ ಅರಸರ ಕಾಲದಲ್ಲೂ ಊರನ್ನು ರೂಪಿಸಿದ್ದು ಯೋಜನೆ.

ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಯ ಪಕ್ಕ ನಡೆದು ನೋಡಿ. ಸಾಲಾಗಿ ಸಣ್ಣ ಅಂಗಡಿಗಳು, ಪ್ರತಿಯೊಂದರ ಬಾಗಿಲೂ ಬೀದಿಗೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ 100 ಮೀಟರಿಗೆ 72 ಸೆಕೆಂಡು ಬೇಕು. ಆ ದೂರದಲ್ಲಿ 15 ಬಾಗಿಲುಗಳಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸದೊಂದು ಸಿಗುತ್ತದೆ. ಅದೇ 100 ಮೀಟರ್ ಬರೀ ಕಾಂಪೌಂಡ್ ಗೋಡೆಯಾದರೆ ದಾರಿ ಸಾಗುವುದೇ ಇಲ್ಲ ಎನಿಸುತ್ತದೆ. ರಾತ್ರಿ ಹೊತ್ತು ಒಂಟಿಯಾಗಿ ಹೋಗುವವರಿಗೆ ಭಯವೂ ಆಗುತ್ತದೆ.

ಈಗಿನ ಕಟ್ಟಡಗಳು ಏಕೆ ಹೀಗೆ?

ಮಾಲೀಕರಿಗೆ ಅಭಿರುಚಿ ಇಲ್ಲವೆಂದು ಬೈಯುವುದು ಸುಲಭ. ಆದರೆ ಕಟ್ಟಡ ನಿಯಮ ಇಂತಿಷ್ಟು ಪಾರ್ಕಿಂಗ್ ಕೇಳುತ್ತದೆ. ಕಂಬಗಳ ಮೇಲೆ ಮನೆ ಎತ್ತಿ ಕೆಳಗೆ ಕಾರು ನಿಲ್ಲಿಸಿದರೆ ಆ ಜಾಗ ಕಟ್ಟಡದ ವಿಸ್ತೀರ್ಣದ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಜಗಲಿ, ಕಿಟಕಿ ಇರಬೇಕಾದ ಕಡೆ ಗೇಟು ಮತ್ತು ಕಾರು ಬರುತ್ತವೆ. ಗೇಟಿನ ಇಳಿಜಾರು ಫುಟ್‌ಪಾತನ್ನೂ ನುಂಗುತ್ತದೆ.

ನಗರದ ನಾಯಕರು ಏನು ಮಾಡಬಹುದು?

* ನೆಲಮಹಡಿಗೆ ನಿಯಮ: ಸಿಂಗಪುರದ 1822ರ ನಗರ ಯೋಜನೆ, ಅಂಗಡಿಮನೆಗಳ ಮುಂದೆ ಸೂರಿರುವ ನಡೆದಾರಿ ಕಡ್ಡಾಯ ಎಂದಿತು. ದುಡ್ಡು ಹಾಕಿದ್ದು ಮಾಲೀಕರು, ನೆರಳು ಸಿಕ್ಕಿದ್ದು ಊರಿಗೆಲ್ಲ. ನಮ್ಮಲ್ಲೂ ಮುಖ್ಯ ರಸ್ತೆಗಳಲ್ಲಿ ಬೀದಿಗೆ ಬಾಗಿಲು, ಕಿಟಕಿ, ನೆರಳು ಇರಲೇಬೇಕು ಎನ್ನಬಹುದು.

* ಹಳೆಯ ಕಟ್ಟಡ ಉಳಿಸಿದವರಿಗೆ ಲಾಭ: ಮುಂಬೈಯ 1995ರ ಪಾರಂಪರಿಕ ನಿಯಮದಲ್ಲಿ, ಹಳೆಯ ಕಟ್ಟಡವಿದ್ದ ಕಾರಣ ಕಟ್ಟಲಾಗದ ವಿಸ್ತೀರ್ಣದ ಹಕ್ಕನ್ನು ಮಾಲೀಕರು ಬೇರೆಡೆಗೆ ವರ್ಗಾಯಿಸಲು ಅವಕಾಶವಿತ್ತು. ಇದೇ ಟಿಡಿಆರ್. ಬರೀ "ಕೆಡವಬೇಡಿ" ಎಂದರೆ ಕಟ್ಟಡ ಉಳಿಯದು, ದುರಸ್ತಿಯೂ ನಡೆಯಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು.

* ಸರ್ಕಾರಿ ಕಟ್ಟಡದಿಂದಲೇ ಶುರು: ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಸಿದ್ಧಾರ್ಥನಗರದ ಜಿಲ್ಲಾಧಿಕಾರಿ ಕಚೇರಿಯಂಥ ದೊಡ್ಡ ಕಟ್ಟಡಗಳಿಗೆ ದೂರದ ಹಳ್ಳಿಗಳಿಂದ ಜನ ಅರ್ಜಿ ಹಿಡಿದು ಬರುತ್ತಾರೆ. ಬಸ್ಸಿಳಿದವರು ಬಾಗಿಲವರೆಗೆ ನೆರಳಲ್ಲಿ ನಡೆಯಬಹುದೇ? ಕಾಯುವ ವೃದ್ಧರಿಗೆ ಕೂರಲು ಕಟ್ಟೆ ಇದೆಯೇ? ಯಾವುದೇ ಸರ್ಕಾರಿ ಕಟ್ಟಡದ ನಕ್ಷೆಗೆ ಸಹಿ ಬೀಳುವ ಮೊದಲು ಈ ಪ್ರಶ್ನೆ ಕೇಳಬೇಕು.

ಗುಮ್ಮಟ ಇಟ್ಟರೆ ಸಾಕೇ?

ಸಾಲದು. ಗಾಜಿನ ಕಟ್ಟಡದ ತಲೆಗೆ ಗುಮ್ಮಟ, ಮುಂದೆ ಸಿಮೆಂಟಿನ ಕಮಾನು ಅಂಟಿಸಿದರೆ ಫೋಟೊಗೆ ಪಾರಂಪರಿಕವಾಗಿ ಕಂಡೀತು. ಕೆಳಗೆ ನಡೆಯುವವರಿಗೆ ನೆರಳೂ ಇಲ್ಲ, ಕೂರಲು ಜಾಗವೂ ಇಲ್ಲ. ಶೈಲಿಯ ಬಗ್ಗೆ ಜಗಳ ಮುಗಿಯದು. ನೆರಳು, ಬಾಗಿಲು, ಕಿಟಕಿ ಬೇಕೆಂಬುದರಲ್ಲಿ ಹೆಚ್ಚು ಜಗಳವಿಲ್ಲ.

ನೀವೇನು ಮಾಡಬಹುದು?

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ, ಮಾಸ್ಟರ್ ಪ್ಲಾನ್ ಅಂತಿಮವಾಗುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಪ್ರಕಟಣೆ ಕಂಡಾಗ ನಿಮ್ಮ ಬೀದಿಯ ಹೆಸರು ಹಾಕಿ ಬರೆದು ಕೊಡಿ. ಹಳೆಯ ಮೈಸೂರಿನ ಫೋಟೊ ಫಾರ್ವರ್ಡ್ ಮಾಡುವಾಗ ಆ ಪ್ರಕಟಣೆಯನ್ನೂ ಜೊತೆಗೆ ಕಳಿಸಿ.