ಮುರಿದ ಮುಖಕ್ಕೆ ಹಲ್ಲೇ ಅಳತೆ

ಬೈಕಿನಿಂದ ಬಿದ್ದು ಕೆನ್ನೆ ಜಜ್ಜಿಕೊಂಡವರಿಗೆ ‘ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗಿ’ ಎಂದರೆ ಜೊತೆಗಿದ್ದವರಿಗೆ ಗಲಿಬಿಲಿಯಾಗುತ್ತದೆ. ಮೂಳೆ ಮುರಿದಿರುವುದು ಕಣ್ಣಿನ ಕೆಳಗೆ, ಹಲ್ಲಿನ ಡಾಕ್ಟರಿಗೆ ಅಲ್ಲೇನು ಕೆಲಸ? ಆದರೆ ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರು ಅಲ್ಲೂ ಇದ್ದಾರೆ. ಜೆ.ಪಿ. ನಗರದಲ್ಲಿ 1992ರಲ್ಲಿ ಶುರುವಾದ ಡಿ.ಎ. ಪಾಂಡು ಸ್ಮಾರಕ ಆರ್.ವಿ. ದಂತ ವೈದ್ಯಕೀಯ ಕಾಲೇಜು, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ, ಹೊಸೂರು ರಸ್ತೆ ಲಕ್ಕಸಂದ್ರದ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್, ಇನ್ನೂ ಹಿಂದಕ್ಕೆ ಹೋದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಿಂದ ಇರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಹುಳುಕು ತುಂಬುವ, ಹಲ್ಲು ಕೀಳುವ ಕುರ್ಚಿಗಳಾಚೆ ಇಂಥ ಕಾಲೇಜುಗಳಲ್ಲಿ ಇನ್ನೊಂದು ವಿಭಾಗ ಇರುತ್ತದೆ. ಅದರ ಹೆಸರು ಓರಲ್ ಅಂಡ್ ಮ್ಯಾಕ್ಸಿಲೊಫೇಶಿಯಲ್ ಸರ್ಜರಿ. ಬಿ.ಡಿ.ಎಸ್. ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಎಂ.ಡಿ.ಎಸ್. ಓದಿದವರು ಇಲ್ಲಿ ಬಾಯಿ, ದವಡೆ, ಮುಖದ ಮೂಳೆಗಳ ಆಪರೇಷನ್ ಮಾಡುತ್ತಾರೆ. ಈ ಸರ್ಜನ್ನರ ಅಖಿಲ ಭಾರತ ಸಂಘ ಹುಟ್ಟಿದ್ದು 1969ರಲ್ಲಿ. ಆದರೂ ಹಲ್ಲಿನ ಡಾಕ್ಟರು ಮುಖ ಕಟ್ಟುತ್ತಾರೆ ಎಂಬುದು ನಮ್ಮ ಬಡಾವಣೆಗಳ ಜನಕ್ಕೆ ಇನ್ನೂ ಹೊಸ ಸುದ್ದಿ.

ನಾನು ಈ ವಿಷಯದ ಬೆನ್ನು ಹತ್ತಿದ್ದು ಒಂದು ಸಂಗತಿಗಾಗಿ. ಚೂರಾದ ಮುಖವನ್ನು ಮತ್ತೆ ಜೋಡಿಸುವಾಗ ಯಾವ ಚೂರು ಎಲ್ಲಿ ಕೂರಬೇಕೆಂದು ಹೇಳುವುದು ಹಲ್ಲು. ಮುಖ ಊದಿರುತ್ತದೆ, ಮೂಳೆ ಜಾರಿರುತ್ತದೆ, ಎಲ್ಲಿಂದ ಅಳೆಯಬೇಕೆಂಬುದೇ ತಿಳಿಯದ ಸ್ಥಿತಿ. ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು ವರ್ಷಾನುಗಟ್ಟಲೆ ಒಂದನ್ನೊಂದು ಉಜ್ಜಿ ಸವೆಸಿರುತ್ತವೆ. ಆ ಸವೆತ ಒಂದಕ್ಕೊಂದು ಸರಿಯಾಗಿ ಹೊಂದುವ ಭಂಗಿ ಒಂದೇ. ಆ ಭಂಗಿ ಸಿಕ್ಕಿತೆಂದರೆ ಮೇಲ್ದವಡೆಯ ಜಾಗ ಸಿಕ್ಕಿತು, ಅದನ್ನು ಹಿಡಿದು ಉಳಿದದ್ದನ್ನು ಕಟ್ಟಬಹುದು. ಹಾಗಾಗಿಯೇ ಪ್ರಜ್ಞೆ ಇರುವ ಗಾಯಾಳುವನ್ನು ಮೊದಲೇ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಹಲ್ಲು ಕಚ್ಚಿ ನೋಡಿ, ಮುಂಚಿನ ಥರಾನೇ ಕೂತ್ಕೊಳ್ತಾ?’ ಕಣ್ಣಿಗೆ ಕಾಣದಷ್ಟು ಚಿಕ್ಕ ವ್ಯತ್ಯಾಸ ಆದರೂ ಅವರ ಬಾಯಿಗೆ ಗೊತ್ತಾಗುತ್ತದೆ.

ಆ ಭಂಗಿಯನ್ನು ಹಿಡಿದು ನಿಲ್ಲಿಸುವುದು ತಂತಿ. ಪುಟ್ಟ ಕೊಕ್ಕೆಗಳಿರುವ ಬಾಗುವ ಲೋಹದ ಪಟ್ಟಿಯೊಂದನ್ನು ಹಲ್ಲಿನ ಸಾಲಿನ ಉದ್ದಕ್ಕೂ ಕೂರಿಸಿ, ಒಂದೊಂದು ಹಲ್ಲಿನ ಸುತ್ತಲೂ ಸಣ್ಣ ಸ್ಟೀಲ್ ತಂತಿ ತೂರಿಸಿ ಬಿಗಿಯುತ್ತಾರೆ. ಇದಕ್ಕೆ ಆರ್ಚ್ ಬಾರ್ ಎನ್ನುತ್ತಾರೆ. ತಂತಿಯನ್ನು ಮೊದಲು ಎಳೆದು ಹದ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕಟ್ಟಿದ ಮೇಲೆ ಸಡಿಲವಾಗುತ್ತದೆ. ತಿರುಚುವುದು ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ. ನಾಳೆ ಬಿಚ್ಚುವವರು ಬೇರೆಯವರಾದರೂ ಯಾವ ಕಡೆಗೆ ತಿರುಗಿಸಬೇಕೆಂದು ಗೊತ್ತಿರಲಿ ಎಂಬ ಏರ್ಪಾಡು ಅದು. ತುದಿಯನ್ನು ಕತ್ತರಿಸಿ, ಕೆನ್ನೆಗೆ ಚುಚ್ಚದಂತೆ ಹಲ್ಲಿನ ಸಂದಿಗೆ ಮಡಚುತ್ತಾರೆ. ಈ ತಂತಿ ಕೈಗವಸನ್ನು ತೂತು ಮಾಡಿ ಡಾಕ್ಟರ ಬೆರಳಿಗೂ ಚುಚ್ಚುತ್ತದೆ. ರಕ್ತದಿಂದ ಹರಡುವ ಕಾಯಿಲೆಗಳ ಭಯ ಇಟ್ಟುಕೊಂಡೇ ಪಿ.ಜಿ. ವಿದ್ಯಾರ್ಥಿಗಳು ಇದನ್ನು ಕಲಿಯುತ್ತಾರೆ. ಬಿಗಿಯುತ್ತಾ ಬಿಗಿಯುತ್ತಾ ಇನ್ನೊಂದು ಸುತ್ತು ಹಾಕಿದರೆ ತಂತಿ ತುಂಡಾಗುತ್ತದೆ ಎಂಬುದನ್ನು ಬೆರಳೇ ಹೇಳಬೇಕು. ಅದನ್ನು ಪುಸ್ತಕ ಕಲಿಸುವುದಿಲ್ಲ.

ಹಲ್ಲೇ ಇಲ್ಲದ ಅಜ್ಜ ಅಜ್ಜಿಯರಿಗೆ? ಅವರ ಹಲ್ಲುಸೆಟ್ಟನ್ನು ಮನೆಯಿಂದ ತರಿಸುತ್ತಾರೆ. ಮುರಿದಿದ್ದರೂ ಬಿಸಾಡಬಾರದು. ಅದನ್ನೇ ಮೂಳೆಗೆ ಕಟ್ಟಿ ದವಡೆಯ ಅಳತೆ ಹಿಡಿಯುವುದುಂಟು.

ಎರಡೂ ದವಡೆ ಸೇರಿಸಿ ಕಟ್ಟಿದರೆ ಊಟವೆಲ್ಲ ನೀರುನೀರು. ಸೋಸಿದ ರಾಗಿ ಗಂಜಿ, ಬೇಳೆ ಕಟ್ಟು, ಎಳನೀರು, ಹಾಲು. ಕೊನೆಯ ಹಲ್ಲಿನ ಹಿಂದಿರುವ ಸಂದಿಯಿಂದ ಅದು ಒಳಗಿಳಿಯುತ್ತದೆ. ಹಾಸಿಗೆಯ ಪಕ್ಕ ತಂತಿ ಕತ್ತರಿಸುವ ಕಟ್ಟರ್ ಇಟ್ಟುಕೊಂಡೇ ಇರಬೇಕು. ವಾಂತಿಯಾದರೆ ತಕ್ಷಣ ಬಾಯಿ ಬಿಡಿಸಲು ಅದು ಬೇಕು.

ಇತಿಹಾಸದಲ್ಲಿ ಇಲ್ಲಿ ಹೇಳಲೇಬೇಕಾದ ಹೆಸರು ಫ್ರಾನ್ಸಿನ ಲೀಲ್ ನಗರದ ರೆನೆ ಲಫೋರ್. ಶವಗಳ ತಲೆಗೆ ಬೇರೆ ಬೇರೆ ದಿಕ್ಕಿನಿಂದ ಹೊಡೆದು, ಆಮೇಲೆ ಮಾಂಸ ಬಿಡಿಸಿ, ಬಿರುಕು ಯಾವ ಗೆರೆ ಹಿಡಿದು ಓಡಿದೆ ಎಂದು ನೋಡಿದ ಅವರು 1901ರಲ್ಲಿ ಅದನ್ನು ಪ್ರಕಟಿಸಿದರು. ಮುಖ ಹೇಗೆಂದರೆ ಹಾಗೆ ಒಡೆಯುವುದಿಲ್ಲ, ಅದಕ್ಕೆ ಬಲಹೀನ ಗೆರೆಗಳಿವೆ ಎಂಬುದು ಅವರು ಕಂಡುಕೊಂಡದ್ದು. ಒಂದನೆಯದು ಹಲ್ಲಿನ ಬೇರುಗಳ ಮೇಲೆ ಅಡ್ಡಲಾಗಿ ಹೋಗುತ್ತದೆ. ಎರಡನೆಯದು ಮೂಗಿನ ಬುಡದಿಂದ ಕೆನ್ನೆಗಳಿಗೆ ಇಳಿಯುವ ತ್ರಿಕೋನ. ಮೂರನೆಯದರಲ್ಲಿ ಮುಖದ ಮೂಳೆಗಳೆಲ್ಲ ತಲೆಬುರುಡೆಯಿಂದಲೇ ಕಳಚಿಕೊಳ್ಳುತ್ತವೆ. ಇವತ್ತಿಗೂ ಕೇಸ್ ಶೀಟಿನಲ್ಲಿ ಬರೆಯುವುದು ಅವರ ಹೆಸರನ್ನೇ. ನಿಜವಾದ ಅಪಘಾತದಲ್ಲಿ ಎಡಕ್ಕೊಂದು, ಬಲಕ್ಕೊಂದು ಗೆರೆ ಬೆರೆತು ಬರುವುದೇ ಹೆಚ್ಚು.

ನಮ್ಮ ನಡುಮುಖದ ಮೂಳೆಗಳು ತೊಟ್ಟಿ ಮನೆಯ ಹಾಗೆ. ಗೋಡೆ ತೆಳು, ಒಳಗೆ ಬಯಲು, ಭಾರ ಹೊರುವುದು ಕಂಬ ಮತ್ತು ತೊಲೆ. ಮೂಗಿನ ಪಕ್ಕ ಒಂದು ಕಂಬ, ಕೆನ್ನೆಯಲ್ಲೊಂದು, ಹಿಂದೆ ಗಂಟಲ ಕಡೆಗೊಂದು, ಎರಡೂ ಬದಿಗೆ. ಅಗಿಯುವಾಗ ಕೆಳಗಿನಿಂದ ಮೇಲೆ ಬರುವ ಒತ್ತಡವನ್ನು ಇವು ಸಲೀಸಾಗಿ ತಡೆಯುತ್ತವೆ. ಎದುರಿನಿಂದ ಡಿವೈಡರ್ ಬಂದು ಬಡಿದರೆ ತಡೆಯುವುದಿಲ್ಲ. ಆಗ ಮೇಲ್ದವಡೆ ತಲೆಬುರುಡೆಯ ಇಳಿಜಾರಿನಲ್ಲಿ ಹಿಂದಕ್ಕೂ ಕೆಳಕ್ಕೂ ಜಾರುತ್ತದೆ. ಹಿಂದಿನ ಹಲ್ಲು ಮೊದಲೇ ತಾಗುತ್ತದೆ, ಮುಂದಿನ ಹಲ್ಲು ಸೇರುವುದೇ ಇಲ್ಲ, ಉಸಿರಿನ ದಾರಿ ಕಿರಿದಾಗುತ್ತದೆ.

ಪರೀಕ್ಷೆ ಕೈಯಲ್ಲೇ ಶುರು. ಮೇಲಿನ ಮುಂದಿನ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಇನ್ನೊಂದು ಕೈಯನ್ನು ಮೂಗಿನ ಬುಡದ ಮೇಲೆ, ಹುಬ್ಬಿನ ತುದಿಯ ಮೇಲೆ ಇಟ್ಟು ನೋಡುತ್ತಾರೆ. ಎಲ್ಲಿಯವರೆಗೆ ಅಲುಗಿತು ಎಂಬುದರ ಮೇಲೆ ಲಫೋರ್ ಹೇಳಿದ ಒಂದನೆಯ ಗೆರೆಯೋ ಮೂರನೆಯದೋ ಗೊತ್ತಾಗುತ್ತದೆ. ಕೆನ್ನೆ ಮರಗಟ್ಟಿದೆಯೇ, ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ, ಮೂಗಿನಿಂದ ತಿಳಿನೀರು ಇಳಿಯುತ್ತಿದೆಯೇ ಎಂದು ಕೇಳುತ್ತಾರೆ. ತಿಳಿನೀರು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಅದಕ್ಕೇ ಇಂಥವರು ಮೂಗು ಸೀನಬಾರದು, ಅವರ ಮೂಗಿಗೆ ಅಂದಾಜಿನ ಮೇಲೆ ನಳಿಗೆ ಹಾಕಬಾರದು. ತಲೆಗೆ ಪೆಟ್ಟಾಗಿದ್ದರೆ ಮೊದಲ ಸರದಿ ನಿಮ್ಹಾನ್ಸ್‌ನಂಥ ಕಡೆ, ಕೈಕಾಲು ಮುರಿದಿದ್ದರೆ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಕಡೆ. ಜೀವ ಉಳಿದ ಮೇಲೆ ಮುಖ. ಮಕ್ಕಳ ವಿಷಯ ಬೇರೆ. ಕೆಲವೊಮ್ಮೆ ಕಣ್ಣು ಕೆಂಪಾಗಿರುವುದೇ ಇಲ್ಲ, ಮೇಲೆ ನೋಡಲು ಆಗುವುದಿಲ್ಲ, ವಾಂತಿ ಬರುತ್ತಿರುತ್ತದೆ. ಕಣ್ಣಿನ ಸ್ನಾಯು ಮುರಿದ ಮೂಳೆಯ ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು, ಅಲ್ಲಿ ತಡ ಮಾಡುವಂತಿಲ್ಲ.

ಉಳಿದದ್ದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಊತ ಇಳಿಯಲೆಂದು ಕೆಲವು ದಿನ ಕಾದು ಆಪರೇಷನ್. ಗೆರೆ ಕಾಣದಂತೆ ತುಟಿಯ ಒಳಗಿನಿಂದ, ಕೆಳರೆಪ್ಪೆಯ ಒಳಗಿನಿಂದ, ಬೇಕಾದರೆ ಕಿವಿಯಿಂದ ಕಿವಿಗೆ ಕೂದಲ ಮರೆಯಲ್ಲಿ ಕೊಯ್ದು, ಟೈಟಾನಿಯಂ ಪ್ಲೇಟುಗಳನ್ನು ಪುಟ್ಟ ಸ್ಕ್ರೂಗಳಿಂದ ಕಂಬಗಳಿಗೆ ಕೂರಿಸುತ್ತಾರೆ. ಅರಿವಳಿಕೆಯ ನಳಿಗೆ ಬಾಯಲ್ಲಿದ್ದರೆ ಹಲ್ಲು ಕಚ್ಚಿಸಲಾಗದು, ಮೂಗಲ್ಲಿದ್ದರೆ ಮೂಗು ಸರಿಮಾಡಲಾಗದು. ಅದಕ್ಕೆ ಸ್ಪೇನಿನ ಸರ್ಜನ್ ಒಬ್ಬರು 1986ರಲ್ಲಿ ನಳಿಗೆಯನ್ನು ಗಲ್ಲದ ಕೆಳಗಿನಿಂದ ಹೊರತರುವ ದಾರಿ ತೋರಿಸಿದರು. ಕುಸಿದ ಕೆನ್ನೆ ಕಮಾನನ್ನು ಎತ್ತಲು ಮಾತ್ರ ಸರ್ಜನ್ ಹೆರಾಲ್ಡ್ ಗಿಲ್ಲಿಸ್ 1927ರಲ್ಲಿ ವಿವರಿಸಿದ ವಿಧಾನ ಇಂದಿಗೂ ನಡೆಯುತ್ತದೆ. ಕಣತಲೆಯ ಕೂದಲಲ್ಲಿ ಸಣ್ಣ ಗಾಯ ಮಾಡಿ, ಸನ್ನೆಕೋಲಿನಂಥ ಸಲಾಕೆ ಜಾರಿಸಿ, ಎತ್ತುವುದು.

ಪ್ಲೇಟು ಬಂದ ಮೇಲೆ ವಾರಗಟ್ಟಲೆ ಬಾಯಿ ಕಟ್ಟುವ ಕಷ್ಟ ಬಹಳಷ್ಟು ತಪ್ಪಿದೆ, ತಂತಿಯ ಕೆಲಸವೂ ಕಮ್ಮಿಯಾಗುತ್ತಿದೆ. ಒಳ್ಳೆಯದೇ. ಆದರೆ ಹಲ್ಲು ಕೂರಿಸದೆ ಪ್ಲೇಟು ಕೂರಿಸಿದರೆ ತಪ್ಪೇ ಗಟ್ಟಿಯಾಗುತ್ತದೆ ಎಂಬ ಪಾಠ ಬದಲಾಗಿಲ್ಲ.

ಸಿಲ್ಕ್ ಬೋರ್ಡ್, ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆಗಳಲ್ಲಿ ಸಂಜೆ ನಿಂತು ನೋಡಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರಲ್ಲಿ. ತಲೆಯ ಮೇಲೆ ಏನೋ ಇದೆ, ಎಷ್ಟೋ ಜನಕ್ಕೆ ಅದು ಟೋಪಿಯಂಥ ಅರ್ಧ ಹೆಲ್ಮೆಟ್, ಪಟ್ಟಿ ಹಾಕಿರುವುದಿಲ್ಲ. ದಂಡ ತಪ್ಪಿಸುವ ಆ ಟೋಪಿ ಕೆನ್ನೆ, ಮೂಗು, ದವಡೆಯನ್ನು ಹಾಗೇ ಬಯಲಿಗೆ ಬಿಡುತ್ತದೆ.

ಬಿದ್ದವರು ಹತ್ತಿರದ ಕ್ಲಿನಿಕ್ಕಿನಲ್ಲಿ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಊತ ಇಳಿದಾಗ ಕೆನ್ನೆ ಚಪ್ಪಟೆಯಾಗಿ ಕಾಣುತ್ತದೆ, ಅನ್ನ ಅಗಿಯಲು ಹಲ್ಲು ಸೇರುವುದಿಲ್ಲ. ಯಾರೋ ಹೇಳಿ ಡೆಂಟಲ್ ಕಾಲೇಜಿಗೆ ಬರುವಷ್ಟರಲ್ಲಿ ಮೂರು ನಾಲ್ಕು ವಾರ ಕಳೆದು, ಮೂಳೆ ಸೊಟ್ಟಗೆ ಕೂಡಿಕೊಂಡಿರುತ್ತದೆ. ಆಗ ಕೂಡಿದ್ದನ್ನು ಮತ್ತೆ ಕತ್ತರಿಸಬೇಕು. ಒಳಕ್ಕೆ ಹೋದ ಕಣ್ಣನ್ನು ಪೂರ್ತಿ ಮುಂದಕ್ಕೆ ತರಲು ಎಷ್ಟೋ ಸಲ ಆಗುವುದಿಲ್ಲ. ಅಪಘಾತಕ್ಕೆ ಮುಂಚಿನ ಫೋಟೊ ಇದ್ದರೆ ತನ್ನಿ ಎನ್ನುತ್ತಾರೆ ಡಾಕ್ಟರು. ಮದುವೆ ಆಲ್ಬಮ್ಮಿನದೋ ಮೊಬೈಲಿನದೋ ಯಾವುದೋ ಒಂದು. ಅದನ್ನು ನೋಡಿಕೊಂಡು, ಹಲ್ಲು ಕಚ್ಚಿಸಿ, ಎಷ್ಟು ಸಾಧ್ಯವೋ ಅಷ್ಟು ಹತ್ತಿರಕ್ಕೆ ತರುತ್ತಾರೆ.