ಎಂಟು ಸಾಲಿನಲ್ಲಿ ಧಾರವಾಡ ಹಿಡಿಸದು

ಹುಬ್ಬಳ್ಳಿಯಿಂದ ಲೋಂಡಾ ಕಡೆಗೆ ಹೋಗುವ ರೈಲು ಧಾರವಾಡ ಬಿಟ್ಟ ಮೇಲೆ ಕ್ಯಾರಕೊಪ್ಪ, ಮುಗದ, ಕಂಬಾರಗಣವಿ, ಅಳ್ನಾವರ ಸಿಗುತ್ತವೆ. ಈ ಊರುಗಳ ಹೆಸರನ್ನು ಎಲ್‌ಇಡಿ ಮ್ಯಾಟ್ರಿಕ್ಸ್ ಫಲಕದ ಮೇಲೆ ಬೆಳಗಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ತಂತಿ ಯಾವ ಪಿನ್ನಿಗೆ ಎಂದು. ಕನ್ನಡದ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಅಕ್ಷರಕ್ಕೆ ಎಷ್ಟು ಸಾಲು ದೀಪ ಬೇಕು ಎಂಬುದನ್ನು ತೀರ್ಮಾನಿಸದೆ ಫಲಕ ಕೊಂಡರೆ, ಜೋಡಣೆ ಎಷ್ಟೇ ಸರಿಯಿದ್ದರೂ ಓದಲು ಬರುವುದಿಲ್ಲ.

ತಂತಿಯ ಕೆಲಸ ನಿಜಕ್ಕೂ ಸಣ್ಣದು. ಎಂಟು ಸಾಲು, ಎಂಟು ಕಾಲಮ್ಮಿನ ತುಂಡಿನಲ್ಲಿ 64 ದೀಪಗಳಿವೆ. ನೇರವಾಗಿ ಜೋಡಿಸಿದರೆ ದೀಪಗಳನ್ನು ನಿಯಂತ್ರಿಸುವ ಆರ್ಡುಯಿನೊದಂಥ ಬೋರ್ಡಿನ 16 ಪಿನ್ನು ಅದಕ್ಕೇ ಹೋಗುತ್ತವೆ. ನಡುವೆ ಮ್ಯಾಕ್ಸ್ 7219 ಎಂಬ ಚಿಪ್ ಇಟ್ಟರೆ ಮೂರೇ ತಂತಿ ಸಾಕು: ಆರ್ಡುಯಿನೊ ಊನೊದಲ್ಲಿ ಡೇಟಾ 11ಕ್ಕೆ, ಕ್ಲಾಕ್ 13ಕ್ಕೆ, ಆಯ್ಕೆಯ ತಂತಿ ಸಾಮಾನ್ಯವಾಗಿ 10ಕ್ಕೆ. ಚಿಪ್ ಎಂಟೂ ಸಾಲನ್ನು ಒಟ್ಟಿಗೆ ಉರಿಸುವುದಿಲ್ಲ. ಒಂದಾದ ಮೇಲೊಂದರಂತೆ, ಸೆಕೆಂಡಿಗೆ ಸುಮಾರು 800 ಸಲ ಸುತ್ತು ಹಾಕುತ್ತದೆ. ನಮ್ಮ ಕಣ್ಣಿಗೆ ಅದು ನಿಂತ ಬೆಳಕು. ಎಡವಟ್ಟಾಗುವುದು ಕರೆಂಟಿನಲ್ಲಿ. ನಾಲ್ಕೈದು ತುಂಡು ಸೇರಿಸಿ ಎಲ್ಲಕ್ಕೂ ಯುಎಸ್‌ಬಿಯಿಂದಲೇ ವಿದ್ಯುತ್ ಕೊಟ್ಟರೆ ಅದರ 500 ಮಿಲಿಆಂಪಿಯರ್ ಮಿತಿ ದಾಟಿ ಬೋರ್ಡು ಪದೇ ಪದೇ ರಿಸೆಟ್ ಆಗಬಹುದು. ಫಲಕಕ್ಕೆ ಬೇರೆಯೇ 5 ವೋಲ್ಟಿನ ವಿದ್ಯುತ್ ಪೂರೈಕೆ, ಅಂದರೆ ಎಸ್‌ಎಂಪಿಎಸ್ ಬೇಕು. ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು, ಇಲ್ಲದಿದ್ದರೆ ಅಡ್ಡಾದಿಡ್ಡಿ ಚುಕ್ಕಿಗಳಷ್ಟೇ ಕಂಡಾವು.

ಇನ್ನು ಅಕ್ಷರ. ಎಂಟು ಸಾಲಿನ ತುಂಡು ಇಂಗ್ಲಿಷಿಗೆ ಹೇಳಿ ಮಾಡಿಸಿದಂತಿದೆ: ಐದು ಕಾಲಮ್, ಏಳು ಸಾಲಿನಲ್ಲಿ ಒಂದು ದೊಡ್ಡಕ್ಷರ. ಮುಗದ ಎಂದು ಇಂಗ್ಲಿಷಿನಲ್ಲಿ ಬರೆದರೆ ಐದು ಅಕ್ಷರ, ನಡುವಿನ ಜಾಗವೂ ಸೇರಿ 30 ಕಾಲಮ್. ನಾಲ್ಕು ತುಂಡಿನಲ್ಲಿ ಸಲೀಸಾಗಿ ಕೂರುತ್ತದೆ. ಕನ್ನಡದ ‘ಮುಗದ’ವೂ ಒತ್ತಿಲ್ಲದ ಸಾಧು ಹೆಸರು, ಹೇಗೋ ತುರುಕಬಹುದು. ಧಾರವಾಡಕ್ಕೆ ಬಂದಾಗ ‘ಧ’ದ ಕೆಳಗಿನ ಸಣ್ಣ ಗೀಟು ಉಳಿಯುವುದಿಲ್ಲ, ‘ದಾರವಾಡ’ ಆಗುತ್ತದೆ. ಹುಬ್ಬಳ್ಳಿಯ ಪಾಡು ಇನ್ನೂ ಕಷ್ಟ: ತಲೆಕಟ್ಟು, ಗುಡಿಸು ಮೇಲೆ, ಎರಡು ಒತ್ತು ಕೆಳಗೆ. ಮೇಲಿನ ಅಕ್ಷರಕ್ಕೆ ಹತ್ತು, ಒತ್ತಿಗೆ ಆರು ಎಂದು 16 ಸಾಲು ಕೊಟ್ಟರೆ ಮಾತ್ರ ದೂರದಿಂದ ಓದಬಹುದು. ಅಂಗಡಿಗಳ ಮುಂದೆ ಓಡುವ ಪಿ10 ಪ್ಯಾನೆಲ್ಲಿನಲ್ಲಿ ಇರುವುದೂ 16 ಸಾಲು, 32 ಕಾಲಮ್. ಚಿಕ್ಕ ತುಂಡುಗಳನ್ನೇ ಎರಡು ಅಂತಸ್ತಿನಲ್ಲಿ ಜೋಡಿಸಿದರೂ ಸರಿಯೇ.

ಅಕ್ಷರವನ್ನು ತಾನೇ ಜೋಡಿಸುವ ದೊಡ್ಡ ಬೋರ್ಡು ತಂದರಾಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ‘ಹುಬ್ಬಳ್ಳಿ’ ನಮಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಒಂಬತ್ತು ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. ಅವನ್ನು ಕೂಡಿಸಿ ಒತ್ತು ಕೆಳಗಿಡುವ ತಂತ್ರಾಂಶ ಮೊಬೈಲಿನಲ್ಲಿದೆ, 2 ಕೆಬಿ ರ‍್ಯಾಮಿನ ಊನೊದಲ್ಲಿಲ್ಲ. ರಾಸ್ಪ್‌ಬೆರಿ ಪೈಯಂಥ ದೊಡ್ಡ ಬೋರ್ಡು ಅದನ್ನು ಮಾಡೀತು. ಆದರೆ ಕಾಗದದ ಮೇಲೆ ಅಚ್ಚಾಗಲೆಂದು ಬರೆದ ಫಾಂಟು 16 ಸಾಲಿಗೆ ಕುಗ್ಗಿದಾಗ ಗೀಟುಗಳು ಒಂದಕ್ಕೊಂದು ಅಂಟುತ್ತವೆ. ಅದಕ್ಕಿಂತ ಚೌಕಳಿ ಹಾಳೆಯ ಮೇಲೆ ಹೆಸರನ್ನು ಕೈಯಲ್ಲೇ ಚುಕ್ಕಿಯಿಟ್ಟು ಬರೆದು, ಚಿತ್ರವಾಗಿಯೇ ಬೋರ್ಡಿಗೆ ಹಾಕುವುದು ಲೇಸು. ಎರಡು ಪ್ಯಾನೆಲ್ ಅಗಲದ ಹೆಸರಿಗೆ 128 ಬೈಟ್. ನೂರು ಊರಿಗೆ 12,800. ಊನೊದ 32 ಕೆಬಿ ಫ್ಲ್ಯಾಶಿನಲ್ಲಿ ಇಷ್ಟಕ್ಕೆ ಜಾಗ ಧಾರಾಳ.

ಮೊಬೈಲಿನಿಂದ ಬರಹ ಕಳಿಸುವ ಸಿದ್ಧ ಕಾರ್ಡು ಪೇಟೆಯಲ್ಲಿ ಸಿಗುವಾಗ ಈ ಉಸಾಬರಿ ಏಕೆ ಎಂಬ ಮಾತೂ ಬರುತ್ತದೆ. ‘ಸುಸ್ವಾಗತ’ ಎಂದಷ್ಟೇ ಓಡಿಸಬೇಕಿದ್ದರೆ ಅದನ್ನೇ ತರುವುದು ಜಾಣತನ. ಮುಗದ ಕೆರೆಯ ನೀರಿನ ಮಟ್ಟ ಸೆನ್ಸರಿನಿಂದ ಬಂದು ತಾನಾಗಿ ಫಲಕದ ಮೇಲೆ ಮೂಡಬೇಕೆಂದರೆ ಮಾತ್ರ ಬೋರ್ಡು ಬೇಕಾಗುತ್ತದೆ. ಆಗಲೂ ‘ನೀರಿನ ಮಟ್ಟ’ ಒಂದು ಚಿತ್ರ, ಅಂಕಿಗಳಿಗೆ ಹತ್ತು, ‘ಅಡಿ’ಗೆ ಇನ್ನೊಂದು, ಅವನ್ನು ಸಾಲಾಗಿ ಇಡುವ ಕೆಲಸವಷ್ಟೇ ಬೋರ್ಡಿನದು.