ಮರಳುಗುಂಡಿಯಿಂದ ಚೆಂಡನ್ನೆತ್ತುವ ಬಗೆ

ಗಾಲ್ಫ್ ಆಟವು ಬೆಳೆದುದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಣ್ಣೆಗಳ ಮೇಲೆ. ಅಲ್ಲಿನ ಮರಳುಗುಂಡಿಗಳನ್ನು ಅನುಕರಿಸಿ ಇಂದು ಎಲ್ಲೆಡೆಯೂ ಗಾಲ್ಫ್ ಮೈದಾನಗಳಲ್ಲಿ ಬೇಕೆಂದೇ ಗುಂಡಿಗಳನ್ನು ತೋಡಿರುತ್ತಾರೆ. ಇವುಗಳಿಗೆ ಬಂಕರ್ ಎಂದು ಹೆಸರು. ಚೆಂಡು ಬಂಕರಿಗೆ ಬಿದ್ದಿತೆಂದರೆ ಹೊಸಬನಿಗೆ ದಿಗಿಲು. ಅವನು ಚೆಂಡನ್ನೇ ಗುರಿಯಿಟ್ಟು ಮೆಲ್ಲನೆ ಎತ್ತಲು ಹೋಗುತ್ತಾನೆ. ದಾಂಡು ಮರಳಿನಲ್ಲಿ ಹೂತುಕೊಳ್ಳುತ್ತದೆ, ಚೆಂಡು ಇದ್ದಲ್ಲಿಯೇ ಇರುತ್ತದೆ. ನುರಿತವನಾದರೋ ಚೆಂಡನ್ನು ಹೊಡೆಯುವುದೇ ಇಲ್ಲ! ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮರಳನ್ನು ಹೊಡೆಯುತ್ತಾನೆ. ಚಿಮ್ಮಿದ ಮರಳೇ ಚೆಂಡನ್ನು ಹೊತ್ತು ಹೊರಕ್ಕೊಯ್ಯುತ್ತದೆ.

ಇದಕ್ಕೆ ಎಷ್ಟು ಬಲ ಬೇಕು? ಒಂದು ಸ್ಥೂಲ ಲೆಕ್ಕ ಮಾಡಿ ನೋಡೋಣ. ದಾಂಡು ಕೆತ್ತುವ ಮರಳಿನ ಪದರವು 15 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ಆಳವಿದೆಯೆಂದು ಭಾವಿಸಿ. ಅದರ ಗಾತ್ರ 120 ಘನ ಸೆಂಟಿಮೀಟರ್. ಒಣಮರಳಾದರೆ ತೂಕ ಸುಮಾರು 190 ಗ್ರಾಂ. ಚೆಂಡಿನ ತೂಕವೋ 46 ಗ್ರಾಂಗೂ ಕೊಂಚ ಕಡಿಮೆ. ಎಂದರೆ ಚೆಂಡಿನ ನಾಲ್ಕು ಪಟ್ಟು ಭಾರವನ್ನು ದಾಂಡು ಮೊದಲು ಚಲಿಸುವಂತೆ ಮಾಡಬೇಕು. ಇದರ ಮೇಲೆ ಕಣಗಳ ಘರ್ಷಣೆಯಲ್ಲಿ ಶಕ್ತಿಯು ಬಹಳಷ್ಟು ವ್ಯಯವಾಗುತ್ತದೆ. ಆದುದರಿಂದ ಚೆಂಡು ಹೋಗಬೇಕಾದ ದೂರ ಅಲ್ಪವಾದರೂ ಬೀಸು ದೊಡ್ಡದಾಗಿರಬೇಕು. ನಡುವೆ ಕೈ ತಡೆಯಬಾರದು.

ಬಲವೊಂದೇ ಸಾಲದು, ದಾಂಡು ಆಳಕ್ಕಿಳಿಯದಂತೆಯೂ ನೋಡಿಕೊಳ್ಳಬೇಕು. ಬಡಗಿಯ ಉಳಿಯನ್ನು ಗಮನಿಸಿರಿ. ಅದರ ಇಳಿಜಾರು ಮೋರೆಯನ್ನು ಮೇಲ್ಮಾಡಿ ಹಿಡಿದರೆ ಉಳಿ ಮರದೊಳಕ್ಕೆ ಇಳಿಯುತ್ತದೆ. ಕೆಳಮಾಡಿ ಹಿಡಿದರೆ ಮೇಲಕ್ಕೇಳುತ್ತದೆ. ಅಮೆರಿಕದ ಆಟಗಾರ ಜೀನ್ ಸರಾಜನ್ ಇಂಥದೇ ಉಪಾಯವನ್ನು ಕಂಡುಕೊಂಡನು. ವಿಮಾನದ ಬಾಲ ತಗ್ಗಿದೊಡನೆ ಮೂತಿ ಮೇಲೇಳುವುದನ್ನು ಕಂಡು ಅವನಿಗೆ ಇದು ಹೊಳೆಯಿತಂತೆ. ದಾಂಡಿನ ಅಡಿಗೆ ಲೋಹವನ್ನು ಬೆಸೆದು, ಅಡಿಯ ಹಿಂಬದಿಯು ಮುಂದಂಚಿಗಿಂತ ಕೆಳಗಿರುವಂತೆ ಮಾಡಿದನು. ಈಗ ಮರಳು ಈ ಅಡಿಯನ್ನು ಮೇಲಕ್ಕೊತ್ತುತ್ತದೆ. ದಾಂಡು ಹೂಳದೆ ಜಾರಿ ಮುಂದೆ ಸಾಗುತ್ತದೆ. 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಬಳಿಯ ಪ್ರಿನ್ಸಸ್ ಮೈದಾನದಲ್ಲಿ ನಡೆದ ಓಪನ್ ಪಂದ್ಯವನ್ನು ಅವನು ಗೆದ್ದಾಗ ಈ ದಾಂಡು ಅವನ ಕೈಯಲ್ಲಿತ್ತು. ಇಂದಿನ 'ಸ್ಯಾಂಡ್ ವೆಜ್' ಇದರ ಸಂತತಿಯೇ. ಇದರ ಅಡಿಯ ಓರೆಯು ಸಾಮಾನ್ಯವಾಗಿ 10ರಿಂದ 14 ಡಿಗ್ರಿಗಳಷ್ಟಿರುತ್ತದೆ.

ಈ ತತ್ತ್ವವನ್ನರಿತವನಿಗೆ ಉಳಿದುದು ಸುಲಭ. ಮರಳು ಸಡಿಲವಾಗಿದ್ದರೆ ದಾಂಡಿನ ಮುಖವನ್ನು ತುಸು ಹೊರಕ್ಕೆ ತಿರುಗಿಸಿ ಅಗಸೆಯಂತೆ ತೆರೆದಿಡಬೇಕು. ಆಗ ಅಡಿಯ ಓರೆ ಇನ್ನೂ ಹೆಚ್ಚುತ್ತದೆ. ನೆನೆದು ಗಟ್ಟಿಯಾದ ಮರಳಿನಲ್ಲಾದರೆ ಅದೇ ಓರೆಯು ದಾಂಡನ್ನು ಪುಟಿಸಿ ನೇರವಾಗಿ ಚೆಂಡಿಗೆ ಬಡಿಸೀತು. ಅಲ್ಲಿ ಮುಖವನ್ನು ಅಷ್ಟಾಗಿ ತೆರೆಯಕೂಡದು. ಚೆಂಡು ಅರ್ಧ ಹೂತಿದ್ದರೆ ದಾಂಡು ಅಗೆಯಲೇಬೇಕು. ಆಗ ಮುಖವನ್ನು ನೆಟ್ಟಗಿರಿಸಿ ಮುಂದಂಚಿಗೇ ಕೆಲಸವನ್ನೊಪ್ಪಿಸಬೇಕು.

ಹೊಡೆಯುವ ಮೊದಲು ದಾಂಡಿನಿಂದ ಮರಳನ್ನು ಮುಟ್ಟಿ ಪರೀಕ್ಷಿಸಲು ಆಟದ ನಿಯಮವು ಒಪ್ಪದು. ಆದರೆ ನಿಲ್ಲುವುದಕ್ಕಾಗಿ ಪಾದಗಳನ್ನು ಊರಿಕೊಳ್ಳಲು ಅಡ್ಡಿಯಿಲ್ಲ. ಮರಳು ಸಡಿಲವೋ ಗಟ್ಟಿಯೋ ಎಂಬುದನ್ನು ಜಾಣನಾದ ಆಟಗಾರನು ತನ್ನ ಪಾದಗಳಿಂದಲೇ ಕೇಳಿ ತಿಳಿದುಕೊಳ್ಳುತ್ತಾನೆ.